ಅವ ಕೆಂಪು

ಆ ಗುರುವಾರ ಬ್ಯಾಡಗಿ ಪೇಟೆಯಲ್ಲಿ ಪ್ರಭಾಕರ ಸಾಹುಕಾರರು ನಮ್ಮ ಚೀಲದ ಬಾಯಿ ಬಿಚ್ಚಿ, ಮೇಲಿನ ಒಂದು ಹಿಡಿ ಮೆಣಸಿನಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಹತ್ತು ಮಂದಿಯ ಎದುರಿಗೆ ಅಂದರು: "ನೀರು ಹೊಡದೀಯೇನೋ ಗುಡದಪ್ಪಾ?"

ಒಣಗಿದ ಕಾಯಿಯೊಳಗೆ ಬೀಜ ಗಿಲಿಗಿಲಿ ಅನ್ನಬೇಕು. ಅವತ್ತು ಅನ್ನಲಿಲ್ಲ.

ಪಂಪು ಬೆನ್ನಿಗೆ ಕಟ್ಟಿಕೊಂಡು ಒಣಗಿದ ಕಾಯಿಯ ಮೇಲೆ ನೀರು ಸಿಂಪಡಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕಾಯಿ ಮಿರಮಿರ ಮಿಂಚುತ್ತದೆ, ತೂಕ ಬರುತ್ತದೆ, ಎಂಟು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ನಾನು ಮಾಡಿಲ್ಲ. ನಮ್ಮವ್ವ ಪ್ರೇಮವ್ವ ಇಪ್ಪತ್ತು ದಿನ ಕಣದಲ್ಲಿ ಸೊಂಟ ಬಗ್ಗಿಸಿ, ತಿರುವಿ ತಿರುವಿ ಹಾಕಿ ಒಣಗಿಸಿದ ಮಾಲು ಅದು. ನನಗೆ ಬೈದಿದ್ದರೆ ಬೈಯಲಿ. ಆ ಕಾಯಿಗೆ ಬೈದರೆ ನಮ್ಮವ್ವನ ಸೊಂಟಕ್ಕೆ ಬೈದಂತೆ.

"ಇಲ್ರಿ ಸಾಹುಕಾರ್ರ. ಒಂದು ಹನಿ ಹೊಡದಿಲ್ಲ."

"ಹಂಗಾರ ಗಾಳಿ ಬಂದು ಹೊಡದು ಹೋತೇನು?"

ಎಲ್ಲರೂ ನಕ್ಕರು. ನಾನು ಅವರ ಕೈಯೊಳಗಿನ ಕಾಯಿ ಕಸಿದುಕೊಂಡೆ, ಆಡಬಾರದ ಮಾತು ಆಡಿದೆ, ಹನ್ನೆರಡೂ ಚೀಲ ತಿರುಗಿ ಟ್ರ್ಯಾಕ್ಟರಿಗೆ ಹೇರಿಸಿದೆ. ಟ್ರ್ಯಾಕ್ಟರು ತೌಸಿಫನದು. ಅವನೂ ನಾನೂ ಎಂಟನೇ ಇಯತ್ತೆಯವರೆಗೆ ಒಂದೇ ಬೆಂಚಿನ ಮೇಲೆ ಕೂತವರು, ಒಂದೇ ದಿನ ಶಾಲೆ ಬಿಟ್ಟವರು. ಹಾದಿಯಲ್ಲಿ ಕಾಗಿನೆಲೆ ಹತ್ತಿರಾದ ಮೇಲೆ ಅವನು ಅಂದ, "ಗುಡ್ಯಾ, ನಿನ್ನ ಸಿಟ್ಟಿಗೆ ಡೀಸೆಲ್ ಬ್ಯಾಡಲೇ. ತಾನ ಓಡ್ತೈತಿ."

ಭಾನುವಾರ ಮುಂಜಾನೆ ಒಂಬತ್ತರ ಸುಮಾರಿಗೆ ನಮ್ಮ ಕಣದಲ್ಲಿ ಅದು ಬಿತ್ತು.

ಮೊದಲು ಕಂಡದ್ದು ದೊಡ್ಡ ಬಿಳಿ-ಕೇಸರಿ ಪ್ಯಾರಾಶೂಟು. ಅದರ ಕೆಳಗೆ ಚಕ್ಕಡಿಯಷ್ಟು ದೊಡ್ಡ ಅಲ್ಯುಮಿನಿಯಂ ಪಂಜರ, ಮೈತುಂಬ ಬಿಳಿ ಥರ್ಮಾಕೋಲು, ಒಳಗೆ ಹಂಡೆಯಂಥ ದಪ್ಪ ಕೊಳವೆ. ಹರಡಿದ್ದ ಮೆಣಸಿನಕಾಯಿಯ ಮೇಲೆ ಧಪ್ಪಂತ ಕೂತಿತು. ಘಾಟು ಎದ್ದಿತು. ಅವ್ವ ಸೀನುತ್ತ ಸೀನುತ್ತ ಓಡಿ ಬಂದಳು.

ನಮ್ಮ ಹೊಲ ಊರಿಂದ ದೂರ. ಅವ್ವ, ನಾನು, ಫೋನ್ ಮಾಡಿದ್ದಕ್ಕೆ ಓಡಿ ಬಂದ ತೌಸಿಫ್, ಮೂರೇ ಜನ. ಪಂಜರಕ್ಕೆ ಒಂದು ಅಂಗೈಯಗಲ ತಗಡು ಹೊಡೆದಿದ್ದರು. ಅದರ ಮೇಲೆ ಮೂರು ಭಾಷೆಯಲ್ಲಿ ಬರೆದಿತ್ತು. ಜಾಗ ಸಾಲದೆ ಕನ್ನಡ ಅಕ್ಷರಗಳನ್ನು ಒತ್ತಿ ಒತ್ತಿ ಬರೆದಿದ್ದರು. ನಾನು ಒಂದೊಂದೇ ಸಾಲು ಓದಿದೆ.

"ವೈಜ್ಞಾನಿಕ ಉಪಕರಣ. ಮುಟ್ಟಬೇಡಿ. ಅವ..." ಅಲ್ಲಿಗೆ ಸಾಲು ಮುಗಿಯಿತು. ಕೆಳಗೆ: "ಕೆಂಪು ಕಿರಣಗಳ ಮೂಲಕ ನೀರಿನ ಆವಿಯನ್ನು ಅಳೆಯುವ ದೂರದರ್ಶಕ." ಅದರ ಕೆಳಗೆ ಒಂದು ಫೋನ್ ನಂಬರು.

"ಅವ ಕೆಂಪು," ಅಂದೆ. "ಅವ ಅಂದ್ರ ಯಾವಲೇ?"

ತೌಸಿಫ್ ಕಾಲ ಬುಡದ ಮೆಣಸಿನಕಾಯಿ ನೋಡಿದ. ನನ್ನನ್ನು ನೋಡಿದ. "ಅವ ಅಂದ್ರ ಇವ!"

ಮೂರು ದಿನದಿಂದ ಕುದಿಯುತ್ತಿದ್ದದ್ದು ಉಕ್ಕಿ ಬಂತು. ಕೆಂಪು. ನೀರು ಅಳೆಯುವುದು. ದೂರದಿಂದ ನೋಡುವುದು. ಬಿದ್ದದ್ದು ಎಲ್ಲಿ? ಇಡೀ ತಾಲೂಕು ಬಿಟ್ಟು ನನ್ನ ಕಣದಲ್ಲಿ! ಯಾರ ಮಾಲಿಗೆ ಯಾರು ನೀರು ಹೊಡೆಯುತ್ತಾರೆ ಅಂತ ಪೇಟೆಯವರು ಮೇಲಿಂದ ಕಣ್ಣಿಟ್ಟಿದ್ದಾರೆ.

"ಡ್ರೋನ್ ಅಂದ್ರ ಇದರ ಮರಿ," ಅಂದ ತೌಸಿಫ್. ಪಂಜರದ ಸುತ್ತ ಒಂದು ಸುತ್ತು ಹಾಕಿ, ಪಕ್ಕದಲ್ಲಿ ಬೋಲ್ಟು ಹಾಕಿ ಬಿಗಿದಿದ್ದ ಕರಿ ಡಬ್ಬಿ ತೋರಿಸಿದ. "ಇದ ನೋಡು ರೆಕಾರ್ಡಿಂಗ್ ಡಬ್ಬಿ. ಸಿಸಿ ಕ್ಯಾಮೆರಾಕ್ಕ ಇರ್ತೈತಲ್ಲ, ಹಂಗ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಅಂದಳು, "ಯಾರದೋ ಏನೋ, ಪಾಪ, ಆಕಾಶದಾಗಿಂದ ಬಿದ್ದೈತಿ. ನಂಬರ್ ಐತಲ್ಲ, ಫೋನ್ ಹಚ್ಚೋ."

"ಹಚ್ಚತೇನಿ ಹೋಗಬೇ."

ಹಚ್ಚಲಿಲ್ಲ. ಅವ್ವ ಒಳಗೆ ಹೋದ ಮೇಲೆ ಟ್ರ್ಯಾಕ್ಟರಿನ ಪಾನಾ ತಂದು ಡಬ್ಬಿಯ ನಾಲ್ಕು ಬೋಲ್ಟು ಬಿಚ್ಚಿದೆ. ವೈರು ಕಿತ್ತೆ. ಇಟ್ಟಂಗಿಯಷ್ಟು ದೊಡ್ಡದು, ಅದಕ್ಕಿಂತ ಭಾರ. ಸೋಮವಾರ ಪೇಟೆಗೆ ಒಯ್ದು, ಅದೇ ಹತ್ತು ಮಂದಿಯ ಎದುರಿಗೆ ಸಾಹುಕಾರರ ಮುಂದೆ ಕುಕ್ಕಿ ಕೇಳಬೇಕು: ನಮ್ಮ ಹೊಲದ ಮೇಲೆ ಕಣ್ಣಿಟ್ಟ ನೀವು ಕಳ್ಳರೋ, ನಾವೋ? ಅವ್ವನ ಕೈಗೆ ಸಿಗದ ಜಾಗ ಮನೆಯಲ್ಲಿ ಒಂದೂ ಇಲ್ಲ. ಕಟ್ಟಿಟ್ಟ ಚೀಲದೊಳಗೆ ಮಾತ್ರ ಅವಳು ಕೈ ಹಾಕುವುದಿಲ್ಲ. ತೌಸಿಫ್ ಹೋದ ಮೇಲೆ ಒಂದು ಚೀಲದ ಬಾಯಿ ಬಿಚ್ಚಿ, ಡಬ್ಬಿಯನ್ನು ನಡುವಿಗೆ ತುರುಕಿ, ತಿರುಗಿ ಹೊಲಿದೆ.

ಸೋಮವಾರ ಎದ್ದಾಗ ಚೀಲಗಳು ಇರಲಿಲ್ಲ.

"ತೌಸಿಫ್ ಒಯ್ದ," ಅಂದಳು ಅವ್ವ, ಒಲೆಯ ಮುಂದೆ ಕೂತು. "ನಾನ ಹೇಳಿ ಕಳಿಸಿದೆ. ನೀ ಹೋದ್ರ ಜಗಳಾ. ಚಾ ಕುಡಿ."

ಚಹಾದ ಕಪ್ಪು ಕೈಯಲ್ಲಿತ್ತು, ಜೀಪು ಬಂದು ನಿಂತಿತು. ಹಿಂದೆ ಒಂದು ಲಾರಿ. ಜೀಪಿನಿಂದ ಒಬ್ಬಾಕೆ ಇಳಿದಳು. ಮೂವತ್ತರ ಆಸುಪಾಸು, ಕಾಲಲ್ಲಿ ಬೂಟು, ರಾತ್ರಿಯೆಲ್ಲ ಕೂತು ಬಂದ ಕಣ್ಣು. ಇಂಗ್ಲಿಷ್ ಶುರು ಮಾಡುತ್ತಾಳೆ ಅಂತ ನಾನು ಹುಬ್ಬು ಗಂಟು ಹಾಕಿ ನಿಂತೆ.

"ನಮಸ್ಕಾರ್ರಿ ಅವ್ವಾರ," ಅಂದಳು ನಮ್ಮವ್ವನಿಗೆ. "ನಾ ಮೇಧಾ ಅಂತ. ಹಾವೇರ್ಯಾಕಿನ. ಈಗ ಹೈದರಾಬಾದಿನಾಗ ಕೆಲಸ. ಇದು ನಮ್ಮದ್ರಿ. ನಿಮ್ಮ ಕಾಯಿ ಹಾಳು ಮಾಡೇವಿ, ತಪ್ಪಾತು."

ಅವ್ವನ ಮುಖ ಅರಳಿತು. "ನಮ್ಮ ಹುಡುಗ ಫೋನ್ ಮಾಡಿದ್ನಲ್ಲ, ಅದಕ್ಕ ಲಗೂ ಬಂದ್ರಿ ನೋಡು."

ಮೇಧಾ ನನ್ನನ್ನು ನೋಡಿದಳು. ಫೋನು ಹೋಗಿರಲಿಲ್ಲ ಅನ್ನುವುದು ಆಕೆಗೆ ಗೊತ್ತು, ನನಗೂ ಗೊತ್ತು. ಪಂಜರಕ್ಕೆ ಕಟ್ಟಿದ ಜಿಪಿಎಸ್ಸೇ ಅದು ಬಿದ್ದ ಜಾಗ ಹೇಳುತ್ತಿತ್ತಂತೆ. ಆಕೆ ಪಂಜರದ ಕಡೆ ಹೋದಳು. ಹಂಡೆಯಂಥ ಕೊಳವೆಯನ್ನು ಮುಟ್ಟಿ ನೋಡಿದಳು, ಹಸುವಿನ ಮೈ ಸವರಿದ ಹಾಗೆ. ಪಕ್ಕಕ್ಕೆ ಬಂದಳು. ನಾಲ್ಕು ತೂತು ಕಂಡವು, ಜೋತುಬಿದ್ದ ವೈರು ಕಂಡಿತು. ಅಲ್ಲೇ ಮೆಣಸಿನಕಾಯಿಯ ಮೇಲೆ ಕುಸಿದು ಕೂತಳು.

"ಡಬ್ಬಿ ಎಲ್ಲದ?"

ನಾನು ಚಹಾದ ಕಪ್ಪು ಕೆಳಗಿಟ್ಟೆ.

"ಮೇಲಿಂದ ಕೆಳಗ ಕಳಸೋ ಸಿಗ್ನಲ್ಲು ಅರ್ಧಕ್ಕ ಕಡದು ಹೋತು," ಅಂದಳು, ನಮಗಲ್ಲ, ನೆಲಕ್ಕೆ. "ಎಲ್ಲಾ ಆ ಡಬ್ಬ್ಯಾಗ ಅದ. ಅದೊಂದ್ರಾಗ. ಇದನ್ನ ಹೊತ್ತೊಯ್ಯೋ ಮೊದಲನೇ ಬಲೂನು ಒಡದು ಹೋತು. ಎರಡನೇದಕ್ಕ ಮಳಿ ಬಂತು. ಇದು ಮೂರನೇದು. ಇನ್ನ ಮೂರು ವರ್ಷ ಬಲೂನು ಕೊಡಂಗಿಲ್ಲ ನನಗ. ಆರು ವರ್ಷದ ಕೆಲಸ..."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬೈಯಲಿಲ್ಲ. ಬೈಯದವರ ಜೊತೆ ಹೇಗೆ ಜಗಳ ಮಾಡುವುದು ಅಂತ ನನಗೆ ಗೊತ್ತಿಲ್ಲ.

"ನಾ ತಗದೇನ್ರಿ ಅಕ್ಕಾರ," ಅಂದೆ. "ಚೀಲದಾಗ ಇಟ್ಟಿದ್ದೆ. ಚೀಲ ಬ್ಯಾಡಗಿಗೆ ಹೋಗ್ಯಾವ."

ಅವ್ವ ಕೈಯಲ್ಲಿದ್ದ ಒಲೆ ಊದುವ ಕೊಳವೆಯಿಂದಲೇ ನನ್ನ ಬೆನ್ನಿಗೆ ಒಂದು ಬಿಟ್ಟಳು. ಇಪ್ಪತ್ಮೂರು ವರ್ಷದವನಿಗೆ, ಹೊರಗಿನವರ ಎದುರಿಗೆ! ಇರಲಿ, ಅದು ನನಗೆ ಬೇಕಾಗಿತ್ತು.

ಜೊತೆಗೆ ಬಂದವರು ಪಂಜರ ಬಿಚ್ಚಲು ನಿಂತರು. ನಾನೂ ಮೇಧಾ ಅಕ್ಕನೂ ಜೀಪು ಹತ್ತಿದೆವು. ತೌಸಿಫನಿಗೆ ಎಂಟು ಸಲ ಫೋನ್ ಹಚ್ಚಿದೆ. ಒಂಬತ್ತನೇ ಸಲಕ್ಕೆ ಎತ್ತಿದ.

"ಲೇ, ಡಬ್ಬಿ ಎಲ್ಲೈತಿ?"

"ಡಬ್ಬಿನಾ? ಇಲ್ಲೇ ಐತಿ ಮಾರಾಯಾ. ಭಾರಿ ಛಲೋ ಐತಿ. ಎಲ್ಲಾರೂ ಮುಟ್ಟಿ ಮುಟ್ಟಿ ನೋಡಾಕತ್ತಾರ."

ಫೋನಿನ ದನಿ ಆಕೆಗೂ ಕೇಳಿಸಿತು. ಎದೆಯ ಮೇಲೆ ಕೈ ಇಟ್ಟುಕೊಂಡು ಸೀಟಿಗೆ ಒರಗಿದಳು. ಸ್ವಲ್ಪ ಹೊತ್ತಿಗೆ ನಗುವೂ ಬಂತು. "ಯಾಕ ತಗದಿ? ಖರೇ ಹೇಳು."

ಹೇಳಿದೆ. ಗುರುವಾರದ್ದು, ತಗಡಿನದು, ಅವ ಕೆಂಪಿನದು.

ಆಕೆ ಎಷ್ಟು ನಕ್ಕಳು ಅಂದರೆ ಡ್ರೈವರು ಗಾಡಿ ನಿಧಾನ ಮಾಡಿದ. "ಅವ ಕೆಂಪು! ಅಯ್ಯ ನಮ್ಮಪ್ಪಾ! ಎರಡೂ ಕೂಡಿಸಿ ಓದಬೇಕೋ ತಮ್ಮಾ. ಅವಕೆಂಪು. ಕೆಂಪಿಗಿಂತ ಕೆಳಗಿಂದು. ಕಣ್ಣಿಗೆ ಕಾಣಲಾರದ ಬೆಳಕು. ಒಲಿ ಆರಿಸಿದ ಮ್ಯಾಲೂ ಹಂಚಿನ ಮುಂದ ಅಂಗೈ ಹಿಡದ್ರ ಬಿಸಿ ಹತ್ತತದಲ್ಲ, ಅದ."

"ಅದರಾಗ ನೀರು ಹೆಂಗ ಕಾಣಸ್ತೈತ್ರಿ?"

"ನೀರು ಕಾಣ್ಸಂಗಿಲ್ಲ. ನುಂಗಿದ್ದು ಕಾಣಸ್ತದ. ಆ ಬೆಳಕಿನಾಗ ನಮಗ ಕಾಣದ ಬಣ್ಣ ಬ್ಯಾರೆ ಬ್ಯಾರೆ ಇರ್ತಾವ. ಹಾದ್ಯಾಗ ನೀರಿನ ಆವಿ ಇದ್ರ ಅದಕ್ಕ ಬೇಕಾದ ಬಣ್ಣ ನುಂಗಿಬಿಡ್ತದ. ಎಲ್ಲೆಲ್ಲಿ ಖಾಲಿ ಬಿದ್ದದ, ಎಷ್ಟು ಖಾಲಿ ಬಿದ್ದದ ನೋಡಿ, ನೀರು ಇಷ್ಟದ ಅಂತ ಲೆಕ್ಕಾ ಹಾಕೋದು. ನಾವು ನೋಡಿದ್ದು ಶುಕ್ರನ್ನ. ನಸುಕಿನಾಗ ಮೂಡಣದ ಕಡೆ ಹೊಳೀತದಲ್ಲ, ಅದನ್ನ."

"ಬೆಳ್ಳಿ ಚುಕ್ಕಿ. ಅಲ್ಲಿ ನೀರಿದ್ರ ಯಾರ್ ಕುಡಿಯೋರು?"

"ಯಾರೂ ಇಲ್ಲ. ಕಾದ ಬಾಣಲಿ ಅದು. ಆದ್ರ ಒಂದು ಕಾಲಕ್ಕ ಅಲ್ಲಿ ಸಮುದ್ರ ಇದ್ದಿರಬಹುದು ಅಂತಾರ. ಇದ್ರ ಎಲ್ಲಿ ಹೋತು? ಉಳದಿದ್ದೆಷ್ಟು ಅಂತ ಸರಿಯಾಗಿ ತಿಳೀಲಿಲ್ಲಂದ್ರ ಹೋಗಿದ್ದು ಹೆಂಗ ಹೇಳೋದು? ಗಾಳಿಯೊಳಗಿನ ಆವಿ ಚೂರೇ ಚೂರು ಉಳದದ."

"ನೆಲದ ಮ್ಯಾಲ ನಿಂತ ನೋಡಬೇಕಿಲ್ಲ? ಬಲೂನ್ಯಾಕ ಬೇಕು?"

ಆಕೆ ಕಿಟಕಿಯ ಗಾಜು ಇಳಿಸಿ ಹೊರಗೆ ಕೈ ಚಾಚಿದಳು. "ಈ ಗಾಳಿ ಅದಲ್ಲ, ಇದ್ರಾಗೂ ನೀರದ. ಶುಕ್ರಂದು ಚಮಚಾದಷ್ಟು ಇದ್ರ ನಮ್ದು ಟ್ಯಾಂಕರ್‌ಗಟ್ಟಲೆ. ಕೆಳಗ ನಿಂತು ನೋಡಿದ್ರ ನಮ್ಮ ನೀರೆಲ್ಲಾ ಅದರ ಹೆಸರಿಗೆ ಬರದಂಗಾಗ್ತದ. ಅದಕ್ಕ ನಮ್ಮ ಗಾಳಿ ದಾಟಿ ಮ್ಯಾಲೆ ಕಳಿಸಿ ನೋಡೋದು. ಅಲ್ಲೂ ಒಂಚೂರು ಉಳೀತದ. ಅದನ್ನ ಕಳದು ತಗೀಬೇಕು. ನೀರು ಅದ ಅನ್ನೂದು ಸಸಾರ. ಯಾರ ನೀರು ಅಂತ ಹೇಳೂದದಲ್ಲ, ಅದ ಕೆಲಸ."

ಯಾರ ನೀರು ಅಂದ ಕೂಡಲೇ ನನಗೆ ಗುರುವಾರದ ಮುಂಜಾನೆ ನೆನಪಾಯಿತು. ಬುಧವಾರ ಸಂಜೆ ಹೇರಿದ ಚೀಲಗಳು ಪೇಟೆಯ ಗೇಟಿನ ಹೊರಗೆ ಸಾಲಿನಲ್ಲಿ ನಿಂತು ಬೆಳಗು ಮಾಡಿದ್ದವು. ತಾಡಪತ್ರಿ ಮರೆತಿದ್ದೆ. ಮುಂಜಾನೆ ಚೀಲದ ಮೇಲೆ ಕೈ ಇಟ್ಟಾಗ ಇಬ್ಬನಿ ಅಂಗೈಗೆ ಹತ್ತಿತ್ತು. ಅಷ್ಟು ಸಣ್ಣದು ಅಂತ ಒರೆಸಿಕೊಂಡು ಮರೆತುಬಿಟ್ಟಿದ್ದೆ. ಇಡೀ ಮೂರು ದಿನ ಸಿಟ್ಟು ಮಾಡಿದವನು ಒಂದು ಸಲವೂ ಅದನ್ನು ನೆನೆಸಲಿಲ್ಲವಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು.

ಪೇಟೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಕೆಂಪು. ಹಮಾಲರು ಮೂಗಿಗೆ ಟಾವೆಲ್ ಕಟ್ಟಿಕೊಂಡು ಓಡಾಡುತ್ತಿದ್ದರು. ಆಕೆ ಎರಡು ಹೆಜ್ಜೆಗೆ ಒಂದು ಸಲ ಸೀನುತ್ತ ನನ್ನ ಹಿಂದೆ ಬಂದಳು. ದಲಾಲಿ ಅಂಗಡಿಯ ಮುಂದೆ ತೌಸಿಫ್ ಹಲ್ಲು ಕಿಸಿದು ನಿಂತಿದ್ದ.

"ಎಲ್ಲೈತಲೇ ಡಬ್ಬಿ?"

"ಕಣ್ಣಿಲ್ಲೇನು? ಡಬ್ಬಿ ಈ ಕಡೆ ಎಂಟು ಚೀಲ, ಕಡ್ಡಿ ಆ ಕಡೆ ನಾಲ್ಕು ಚೀಲ. ಹಮಾಲರು ಎಲ್ಲಾ ಸುರವ್ಯಾರ, ನಾ ಈಗ ಚಾ ಕುಡದ ಬಂದೆ."

ಬ್ಯಾಡಗಿಯಲ್ಲಿ ನಿಂತು ಡಬ್ಬಿ ಎಲ್ಲಿ ಅಂದರೆ ಏನು ತೋರಿಸುತ್ತಾರೆ? ಗಿಡ್ಡ, ದುಂಡನೆಯ ಕಾಯಿಗೆ ಡಬ್ಬಿ ಅನ್ನುತ್ತಾರೆ, ತೆಳ್ಳಗೆ ಉದ್ದಕ್ಕಿದ್ದದ್ದು ಕಡ್ಡಿ. ಅದು ಹಸುಗೂಸಿಗೂ ಗೊತ್ತು. ಫೋನಿನಲ್ಲಿ ನನಗೆ ಹೊಳೆದಿರಲಿಲ್ಲ ಅಷ್ಟೇ. ಮೇಧಾ ಅಕ್ಕನ ಮುಖ ನೋಡಲಾಗಲಿಲ್ಲ. ನಾನು ರಾಶಿಯ ಮೇಲೆ ಮಂಡಿಯೂರಿ ಎರಡೂ ಕೈಯಿಂದ ತೋಡಿದೆ. ಆಕೆಯೂ ಕೂತು ತೋಡಿದಳು. ಕಣ್ಣು ಉರಿ, ಮೂಗು ಉರಿ. ಬುಡದ ಕಲ್ಲು ಕಂಡಿತು, ಡಬ್ಬಿ ಕಾಣಲಿಲ್ಲ.

"ಏನ ಹುಡುಕಾಕತ್ತೀ ಗುಡದಪ್ಪಾ?"

ಪ್ರಭಾಕರ ಸಾಹುಕಾರರು. ಕಟ್ಟೆಯ ಮೇಲೆ ಗಾದಿಗೆ ಒರಗಿ ಕೂತಿದ್ದರು. ತೊಡೆಯ ಪಕ್ಕದಲ್ಲಿ ಕರಿ ಡಬ್ಬಿ.

"ಗುರುವಾರ ನೀರು, ಇವತ್ತ ಚೀಲದಾಗ ಕಬ್ಬಿಣ! ಮುಂದಿನ ವಾರ ಏನು, ಬೀಸುಕಲ್ಲು ಹಾಕ್ಕೊಂಡು ಬರ್ತೀಯೇನು?"

ಜನ ಕೂಡಿತು. ಗುರುವಾರ ನಕ್ಕವರೂ ಬಂದರು.

"ಕೊಡ್ರಿ ಸಾಹುಕಾರ್ರ. ಅದು ಬ್ಯಾರೆಯವ್ರದು."

"ಕೊಡತೇನಿ. ತೂಕಕ್ಕ ಹಾಕಿದ್ದೆ, ತಪ್ಪಾತು ಅಂತ ಎಲ್ಲಾರ ಮುಂದ ಅನ್ನು. ಅಂದು ಒಯ್ಯಿ. ಅನ್ನಂಗಿಲ್ಲ ಅಂದ್ರ ಪೇಟೆ ಕಮಿಟಿಗೆ ಒಪ್ಪಸ್ತೇನಿ. ಅವ್ರು ಸೀಲ್ ಹಾಕಿ ಇಟ್ಕೋತಾರ, ತಿಂಗಳಾಗ್ಲಿ ವರ್ಷಾಗ್ಲಿ."

ನನ್ನ ಮುಷ್ಟಿ ಬಿಗಿಯಿತು. ತೌಸಿಫ್ ಬಂದು ನನ್ನ ರಟ್ಟೆ ಹಿಡಿದುಕೊಂಡ, ಅವನಿಗೆ ಅಭ್ಯಾಸ. ಆಗ ಆಕೆಯನ್ನು ನೋಡಿದೆ. ಆಕೆ ನನ್ನನ್ನೂ ನೋಡುತ್ತಿರಲಿಲ್ಲ, ಸಾಹುಕಾರರನ್ನೂ ನೋಡುತ್ತಿರಲಿಲ್ಲ. ಡಬ್ಬಿಯ ಮೇಲೆ ಕಣ್ಣು. ಜಾತ್ರೆಯಲ್ಲಿ ಕೈತಪ್ಪಿದ ಮಗು ಯಾರದೋ ತೊಡೆಯ ಮೇಲೆ ಕೂತಿದ್ದನ್ನು ಕಂಡ ತಾಯಿಯ ಹಾಗೆ.

"ಹೌದ್ರಿ," ಅಂದೆ. "ತೂಕಕ್ಕ ಹಾಕಿದ್ದೆ. ತಪ್ಪಾತು."

ತೌಸಿಫ್ ನನ್ನ ರಟ್ಟೆ ಬಿಟ್ಟುಬಿಟ್ಟ. ಸಾಹುಕಾರರಿಗೂ ಅದು ಬೇಕಾಗಿರಲಿಲ್ಲ ಅನ್ನಿಸುತ್ತದೆ, ಜಗಳಕ್ಕೆ ತಯಾರಾಗಿ ಕೂತಿದ್ದರು ಪಾಪ. ಡಬ್ಬಿ ಎತ್ತಿ ಚಾಚಿದರು.

ಆಕೆ ಕೈ ನೀಡಲಿಲ್ಲ.

"ಸುಳ್ಳು ಹೇಳಲಿಕ್ಕೆ ಹತ್ಯಾನ ಇಂವ," ಅಂದಳು. ಸೀನಿದಳು. ಮತ್ತೆ ಅಂದಳು, "ಅದು ನಂದು. ನಿನ್ನೆ ಇವನ ಕಣದಾಗ ಬಿತ್ತು, ಇಂವ ಕದ್ದ. ಬೇಕಾದ್ರ ಕಳ್ಳ ಅನ್ರಿ ಸಾಹುಕಾರ್ರ, ನಾನೂ ಕೂಡೇ ಅಂತೇನಿ. ಮೋಸಗಾರ ಅನಬ್ಯಾಡ್ರಿ. ಮಾಡಲಾರದ್ದು ಅವನ ಹೆಸರಿಗೆ ಬರೀಬ್ಯಾಡ್ರಿ."

"ಏ ಅಕ್ಕಾರ, ತಗೋರಿ ಸುಮ್ನ!" ಅಂದೆ ನಾನು. ಕೊಟ್ಟದ್ದನ್ನು ತೆಗೆದುಕೊಂಡು ನಡೆಯುವುದು ಬಿಟ್ಟು ಇದೇನು?

ಆಕೆ ನನ್ನ ಕಡೆ ತಿರುಗಲೂ ಇಲ್ಲ. ಶುಕ್ರ, ಬಲೂನು, ಆವಿ, ನುಂಗಿದ ಬಣ್ಣ, ಎಲ್ಲ ಹೇಳಿದಳು. ನನ್ನ ಅವ ಕೆಂಪನ್ನೂ ಹೇಳಿದಳು, ಹೇಳಬಾರದಿತ್ತು. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರ ಮೀಸೆಯೂ ಅಲುಗಾಡಿತು.

"ಹಂಗಾರ ಶುಕ್ರನ ಮ್ಯಾಲೆ ನೀರು ಎಷ್ಟೈತಿ ಅಂತ ಈ ಡಬ್ಬಿ ಹೇಳ್ತೈತೇನು ತಂಗಿ?"

"ಡಬ್ಬಿ ಹೇಳಂಗಿಲ್ರಿ. ಅದನ್ನ ನೋಡಿ ನಾ ಹೇಳಬೇಕು. ಎಂಟು ತಿಂಗಳರ ಬೇಕು."

"ಎಂಟು ತಿಂಗಳಾ!" ಸಾಹುಕಾರರು ತಮ್ಮ ಕೈ ತಾವೇ ನೋಡಿಕೊಂಡರು. "ನಾ ಒಂದು ನಿಮಿಷದಾಗ ಹೇಳ್ತೇನಲ್ಲ."

"ಗುರುವಾರ ಎಲ್ಲಿಂದ ತಗದು ನೋಡಿದ್ರಿ?"

"ಚೀಲದ ಬಾಯಾಗಿಂದ."

"ತಳದಾಗಿಂದು ನೋಡಲಿಲ್ಲೇನ್ರಿ?"

ಸಾಹುಕಾರರು ರಾಶಿಯ ಕಡೆ ನೋಡಿದರು. ನಾನು ಇಬ್ಬನಿಯ ಮಾತು ಹೇಳಿದೆ. ಕೂಗದೆ ಹೇಳಿದೆ, ನನಗೇ ಹೊಸದನ್ನಿಸಿತು. ಅವರು ಕಟ್ಟೆ ಇಳಿದು ಬಂದು, ನಾವು ತೋಡಿದ ಕುಣಿಯ ತಳಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು ಕಿವಿಗೆ ಹಿಡಿದರು. ಎಲ್ಲರಿಗೂ ಕೇಳಿಸಿತು. "ಒಣಾ ಐತಿ," ಅಂದರು. ತಪ್ಪಾಯಿತು ಅನ್ನಲಿಲ್ಲ, ಅನ್ನುವ ಮನುಷ್ಯ ಅಲ್ಲ. ಡಬ್ಬಿಯನ್ನು ತಮ್ಮ ಹೆಗಲ ಮೇಲಿನ ಟಾವೆಲಿನಿಂದ ಒರೆಸಿ, ಎರಡೂ ಕೈಯಿಂದ ಆಕೆಗೆ ಕೊಟ್ಟರು.

ಆಕೆ ತಡಮಾಡಲಿಲ್ಲ. ಅಲ್ಲೇ ಸಾಹುಕಾರರ ಗಾದಿಯ ಮೇಲೆ ಲ್ಯಾಪ್‌ಟಾಪ್ ತೆಗೆದು, ವೈರು ಸಿಕ್ಕಿಸಿದಳು. ಪರದೆಯ ಮೇಲೆ ಏನೂ ಬರಲಿಲ್ಲ. ವೈರು ಬಿಚ್ಚಿ, ಊದಿ, ಮತ್ತೆ ಸಿಕ್ಕಿಸಿದಳು. ಹಮಾಲರು ಚೀಲ ಇಳಿಸಿ ಪರದೆಯತ್ತ ಬಗ್ಗಿ ನೋಡಿದರು. ಆಮೇಲೆ ಫೈಲುಗಳ ಹೆಸರಿನ ಸಾಲು ಬಂತು, ಒಂದರ ಕೆಳಗೊಂದು, ಒಂದರ ಕೆಳಗೊಂದು.

"ಅದಾವ," ಅಂದಳು. "ಎಲ್ಲಾ ಅದಾವ."

ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವವರೆಗೆ ಡಬ್ಬಿ ಅಲುಗಾಡಿಸುವ ಹಾಗಿಲ್ಲ ಅಂದಳು. ನಲವತ್ತು ನಿಮಿಷ. ಮೆಣಸಿನಕಾಯಿಯ ಧೂಳು ಒಳಗೆ ಹೋಗಬಾರದು. ನಾನೂ ತೌಸಿಫನೂ ತಾಡಪತ್ರಿಯ ನಾಲ್ಕು ಮೂಲೆ ಹಿಡಿದು ಆಕೆಯ ಮೇಲೆ ಚಪ್ಪರ ಮಾಡಿ ನಿಂತೆವು. ಸಾಹುಕಾರರು ಎದ್ದು ಫ್ಯಾನ್ ಬಂದ್ ಮಾಡಿ, ಬೆವರುತ್ತ ಕೂತರು. ಚೀಲ ಹೊತ್ತು ಬಂದ ಹಮಾಲರಿಗೆ "ಆ ಕಡೆ ಸುತ್ತ ಹಾಕ್ಕೊಂಡು ಹೋಗ್ರಲೇ, ಇಲ್ಲಿ ಕೆಲಸ ನಡದೈತಿ" ಅಂತ ನಾನೇ ಗದರಿದೆ. ಅವರು ಹೋದರು.

ನನ್ನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಎರಡೂ ಕೈಯಲ್ಲಿ ತಾಡಪತ್ರಿ. ಮೇಧಾ ಅಕ್ಕನೇ ತೆಗೆದು ನನ್ನ ಕಿವಿಗೆ ಹಿಡಿದಳು.

"ಸಿಕ್ಕಿತೇನೋ?" ಅವ್ವ.

"ಸಿಕ್ಕತಬೇ."

"ಫೋನ್ ಹಚ್ಚೇನಿ ಅಂತ ನನಗ ಸುಳ್ಳು ಹೇಳಿದ್ಯಲ್ಲ, ಮನಿಗೆ ಬಾ, ಐತಿ ನಿನಗ. ಆ ಹುಡುಗಿ ನಿನ್ನೆಯಿಂದ ಉಂಡಾಳೋ ಇಲ್ಲೋ ಕೇಳಿದ್ಯಾ?"

"ಇಲ್ಲ."

"ಕರ್ಕೊಂಡು ಬಾ. ರೊಟ್ಟಿ ಬಡ್ಯಾಕತ್ತೇನಿ. ಖಾರ ತಿಂತಾಳೇನ್ ಕೇಳು."

ಕೇಳಿದೆ. ಆಕೆ ಕೆಂಪಾದ ಮೂಗು ಒರೆಸಿಕೊಂಡು, ಪರದೆಯ ಮೇಲೆ ಏರುತ್ತಿದ್ದ ಅರವತ್ತೊಂದು ಪರ್ಸೆಂಟನ್ನು ನೋಡುತ್ತ ಅಂದಳು, "ತಿಂತೇನಿ ಅನ್ನು. ಇದು ನೂರಾಗ್ಲಿ."